128 ಸಾಕಾ, 320 ಬೇಕಾ: ನಾನು ಕಿವಿಯಲ್ಲೇ ಪರೀಕ್ಷೆ ಮಾಡುವ ಬಗೆ

128ರ (ಅಂದರೆ ಸೆಕೆಂಡಿಗೆ 128 ಕಿಲೋಬಿಟ್, ಬಿಟ್‌ರೇಟ್ ಅನ್ನುವುದು ಇದನ್ನೇ) ಎಂಪಿ3 ಕೇಳೋಕಾಗುತ್ತಾ, 320 ಇದ್ದರೆ ಸಾಕಾ, ಎಂಪಿ3ಗಿಂತ ಹೊಸದಾದ ಓಪಸ್ ಫಾರ್ಮ್ಯಾಟ್ ನಿಜವಾಗಲೂ ಅಷ್ಟು ಚೆನ್ನಾಗಿದೆಯಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಯಾವ ಹಾಡಿನ ಎಷ್ಟನೇ ಸೆಕೆಂಡಿನಲ್ಲಿ? ತಮಾಷೆ ಮಾಡ್ತಿದ್ದೀನಿ ಅಂದುಕೊಳ್ಳುತ್ತಾರೆ. ತಮಾಷೆ ಅಲ್ಲ. ಕಂಪ್ರೆಸ್ ಮಾಡಿದ ಹಾಡು ಶುರುವಿನಿಂದ ಕೊನೆವರೆಗೆ ಒಂದೇ ಸಮ ಕೆಡುವುದಿಲ್ಲ. ಮೂರ್ನಾಲ್ಕು ನಿಮಿಷ ಸಲೀಸಾಗಿ ಹೋಗಿ ಎಲ್ಲೋ ಒಂದು ಕಡೆ ಅರ್ಧ ಸೆಕೆಂಡು ಎಡವುತ್ತದೆ. ಆ ಅರ್ಧ ಸೆಕೆಂಡು ಹುಡುಕುವುದೇ ಕೆಲಸ. ಪೂರ್ತಿ ಹಾಡು ಕೇಳಿ "ಬೇಸ್ ಸೊರಗಿದೆ, ಹಾಡಿನಲ್ಲಿ ಜೀವ ಇಲ್ಲ" ಅಂದರೆ ಅದು ಪರೀಕ್ಷೆ ಅಲ್ಲ, ಸುಮ್ನೆ ಮಾತು.

ಸ್ಪೆಕ್ಟ್ರೋಗ್ರಾಮ್ (ಯಾವ ಹೊತ್ತಿನಲ್ಲಿ ಯಾವ ಎತ್ತರದ ಧ್ವನಿ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಚಿತ್ರ) ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಎಲ್ಲರೂ ಮೊದಲು ತೋರಿಸುವುದು ಅದನ್ನೇ. ಎರಡು ಚಿತ್ರ ಪಕ್ಕಪಕ್ಕ ಇಡುತ್ತಾರೆ. ಮೂಲದಲ್ಲಿ ಬಣ್ಣ ಮೇಲಿನವರೆಗೂ ಇರುತ್ತದೆ, ಎಂಪಿ3ಯಲ್ಲಿ 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಲ್ಲಿ ಕೊಯ್ದ ಹಾಗೆ ನಿಂತಿರುತ್ತದೆ. "ನೋಡಿ, ಎಷ್ಟು ಕಳೆದುಹೋಗಿದೆ!" ಅಂತಾರೆ. ಆದರೆ ಕಳೆದುಹೋದದ್ದು ಕಿವಿಗೆ ಬೀಳುತ್ತಿತ್ತಾ ಅನ್ನೋದು ಪ್ರಶ್ನೆ ಅಲ್ವಾ? ವಯಸ್ಸಾದಂತೆ ಆ ಮೇಲಿನ ಭಾಗ ಕೇಳಿಸುವುದು ಕಡಿಮೆಯಾಗುತ್ತದೆ, ಕೇಳಿಸಿದರೂ ಸಂಗೀತದ ನಡುವೆ ಗುರುತು ಹಿಡಿಯುವುದು ಕಷ್ಟ. ಇನ್ನೊಂದು ವಿಷಯ ಇದೆ. ಎಂಪಿ3ಯಲ್ಲಿ 16 ಕಿಲೋಹರ್ಟ್ಸ್‌ನಿಂದ ಮೇಲಿನ ಪಟ್ಟಿಗೆ (ಎಂಪಿ3 ಧ್ವನಿಯನ್ನು ಎತ್ತರದ ಪ್ರಕಾರ ಪಟ್ಟಿಗಳಾಗಿ ಒಡೆಯುತ್ತದೆ) ಅದರದ್ದೇ ಆದ ಸ್ಕೇಲ್‌ಫ್ಯಾಕ್ಟರ್, ಅಂದರೆ ಆ ಪಟ್ಟಿಯ ನಿಖರತೆ ಹೊಂದಿಸುವ ಅಂಕಿ, ಇಲ್ಲ. ಅಲ್ಲಿ ನಿಖರತೆ ಬೇಕು ಅಂದರೆ ಕೆಳಗಿನ ಎಲ್ಲ ಪಟ್ಟಿಗಳಿಗೂ ಬಿಟ್ ಸುರಿಯಬೇಕು. ಹಾಗಾಗಿ ಬಿಟ್‌ರೇಟ್ ಕಡಿಮೆ ಇದ್ದಾಗ ಒಳ್ಳೆ ಎನ್‌ಕೋಡರ್ (ಕಂಪ್ರೆಸ್ ಮಾಡುವ ಸಾಫ್ಟ್‌ವೇರ್) ಬೇಕಂತಲೇ ಮೇಲಿನದನ್ನು ಕತ್ತರಿಸಿ, ಉಳಿದ ಬಿಟ್ಟನ್ನು ನಮಗೆ ಕೇಳಿಸುವ ಕಡೆ ಹಾಕುತ್ತದೆ. ಚಿತ್ರದಲ್ಲಿ ಅಸಹ್ಯವಾಗಿ ಕಾಣುವ ಫೈಲ್ ಕಿವಿಗೆ ಚೆನ್ನಾಗಿರಬಹುದು. ಸ್ಪೆಕ್ಟ್ರೋಗ್ರಾಮ್‌ಗೆ ನನ್ನ ಹತ್ತಿರ ಇರುವ ಕೆಲಸ ಒಂದೇ, ಫ್ಲಾಕ್ (ಏನೂ ಕಳೆಯದೆ ಕಂಪ್ರೆಸ್ ಮಾಡುವ ಫಾರ್ಮ್ಯಾಟ್) ಅಂತ ಕೊಟ್ಟ ಫೈಲ್ ನಿಜಕ್ಕೂ ಎಂಪಿ3ಯಿಂದ ಮಾಡಿದ್ದಾ ಅಂತ ಅನುಮಾನ ಬಂದಾಗ ತೆರೆದು ನೋಡುವುದು. ಅಲ್ಲೂ ಅದು ಸುಳಿವು ಮಾತ್ರ, ಸಾಕ್ಷಿ ಅಲ್ಲ. ಹಳೇ ರೆಕಾರ್ಡಿಂಗ್‌ಗಳಲ್ಲಿ ಮೇಲೆ ಏನೂ ಇಲ್ಲದೇ ಇರುವುದೂ ಉಂಟು.

ಮೂಲದಿಂದ ಎಂಪಿ3ಯನ್ನು ಕಳೆದು "ಇಷ್ಟು ಕಸ ಉಳಿಯಿತು" ಅಂತ ಕೇಳಿಸುವವರೂ ಇದ್ದಾರೆ. ಒಂದು ಫೈಲಿನ ಫೇಸ್ ತಿರುಗಿಸಿ ಇನ್ನೊಂದಕ್ಕೆ ಕೂಡಿಸಿದರೆ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಕೇಳಲು ಭಯಾನಕವಾಗಿರುತ್ತದೆ, ಒಪ್ಪುತ್ತೇನೆ. ಆದರೆ ಅದು ಸಂಗೀತದ ಅಡಿಯಲ್ಲಿ ಮುಚ್ಚಿಹೋಗಲಿ ಅಂತಲೇ ಎನ್‌ಕೋಡರ್ ಅಲ್ಲಿ ಇಟ್ಟದ್ದು. ಮುಚ್ಚಿದ್ದನ್ನು ತೆಗೆದು ಒಂಟಿಯಾಗಿ ಕೇಳಿದರೆ ಮರೆಮಾಚುವ ಲೆಕ್ಕವೇ ಹೋಯಿತು. ಬೇಕಾದರೆ ಮೂಲವನ್ನೇ ಒಂದು ಸ್ಯಾಂಪಲ್, ಅಂದರೆ ಧ್ವನಿಯ ಅಲೆಯ ಒಂದೇ ಒಂದು ಅಳತೆಯಷ್ಟು, ತಡ ಮಾಡಿ ಅದರಿಂದಲೇ ಕಳೆದು ನೋಡಿ. ದೊಡ್ಡ ವ್ಯತ್ಯಾಸವೇ ಉಳಿಯುತ್ತದೆ, ಕಿವಿಗೆ ಮಾತ್ರ ಎರಡೂ ಒಂದೇ.

ಹಾಗಾಗಿ ಉಳಿದದ್ದು ಬ್ಲೈಂಡ್ ಟೆಸ್ಟ್. ನಾನು ಬಳಸುವುದು ಎಬಿಎಕ್ಸ್. ಎ ಅಂದರೆ ಮೂಲ, ಬಿ ಅಂದರೆ ಕಂಪ್ರೆಸ್ ಮಾಡಿದ್ದು, ಎಕ್ಸ್ ಅಂದರೆ ಇವೆರಡರಲ್ಲಿ ಕಂಪ್ಯೂಟರ್ ಗುಟ್ಟಾಗಿ ಆರಿಸಿಕೊಂಡ ಒಂದು. ಎಕ್ಸ್ ಯಾವುದು ಅಂತ ಹೇಳಬೇಕು, ಅಷ್ಟೇ. ಚೆನ್ನಾಗಿದೆಯಾ ಇಲ್ಲವಾ ಅಂತ ಯಾರೂ ಕೇಳುವುದಿಲ್ಲ. ಫೂಬಾರ್2000 ಅನ್ನೋ ಪ್ಲೇಯರ್‌ಗೆ ಇದಕ್ಕೆಂದೇ ಒಂದು ಪ್ಲಗ್-ಇನ್ ಇದೆ. ಕ್ಲಿಪ್ ಕತ್ತರಿಸೋಕೆ ಆಡಾಸಿಟಿ, ಎಂಪಿ3 ಮಾಡೋಕೆ ಲೇಮ್. ಇಷ್ಟರಲ್ಲೇ ನನ್ನ ಕೆಲಸ ನಡೆಯುತ್ತದೆ. ಹೆಡ್‌ಫೋನ್ ದುಬಾರಿ ಇರಬೇಕಾಗಿಲ್ಲ, ಆದರೆ ವೈರ್ ಇರಲೇಬೇಕು. ಬ್ಲೂಟೂತ್ ಹೆಡ್‌ಫೋನ್‌ಗೆ ಹೋಗುವ ಮುಂಚೆ ಆಡಿಯೋ ಸಾಮಾನ್ಯವಾಗಿ ಇನ್ನೊಮ್ಮೆ ಕಂಪ್ರೆಸ್ ಆಗುತ್ತದೆ. ಆಮೇಲೆ ನೀವು ಪರೀಕ್ಷೆ ಮಾಡುತ್ತಿರುವುದು ಯಾವುದನ್ನ ಅಂತ ನಿಮಗೇ ಗೊತ್ತಾಗಲ್ಲ. ಈಕ್ವಲೈಜರ್, ಸರೌಂಡ್ ಎಫೆಕ್ಟ್ ಎಲ್ಲ ಆಫ್.

ಕೂರುವ ಮುಂಚೆ ಫೈಲ್‌ಗಳನ್ನು ಸಿದ್ಧ ಮಾಡಿಕೊಳ್ಳುವುದರಲ್ಲಿ ಮೂರು ತಂಟೆ ಇವೆ. ಮೊದಲನೆಯದು ಜೋರು. ಒಂದು ಫೈಲ್ ಅರ್ಧ ಡೆಸಿಬೆಲ್ ಜೋರಾಗಿದ್ದರೂ ಅದೇ ಚೆನ್ನಾಗಿದೆ ಅನಿಸಿಬಿಡುತ್ತದೆ, ಜೋರು ಅಂತ ಗೊತ್ತೇ ಆಗದೆ. ಎರಡನೆಯದು ಕ್ಲಿಪ್ಪಿಂಗ್. ಈಗಿನ ಹಾಡುಗಳನ್ನು ಗರಿಷ್ಠ ಮಟ್ಟಕ್ಕೆ ತಾಗುವಷ್ಟು ಜೋರು ಮಾಡಿರುತ್ತಾರೆ. ಕಂಪ್ರೆಸ್ ಮಾಡಿ ಬಿಚ್ಚಿದಾಗ ಅಲೆಯ ಆಕಾರ ಸ್ವಲ್ಪ ಬದಲಾಗಿ ತುದಿಗಳು ಆ ಮಟ್ಟ ದಾಟುತ್ತವೆ, ತಲೆ ಕತ್ತರಿಸಿ ಹೋಗುತ್ತದೆ. ಅದಕ್ಕೇ ನಾನು ಮೂಲವನ್ನೇ ಮೊದಲು ಮೂರ್ನಾಲ್ಕು ಡೆಸಿಬೆಲ್ ಇಳಿಸಿ, ಇಳಿಸಿದ್ದನ್ನೇ ಎ ಅಂತ ಇಟ್ಟುಕೊಂಡು, ಅದರಿಂದಲೇ ಎನ್‌ಕೋಡ್ ಮಾಡುತ್ತೇನೆ. ಮೂರನೆಯದು ಯಾರ ಕಣ್ಣಿಗೂ ಬೀಳದ್ದು: ತಡ. ಲೇಮ್ ಹಾಡಿನ ಮುಂದೆ 576 ಸ್ಯಾಂಪಲ್ ಖಾಲಿ ಸೇರಿಸುತ್ತದೆ, ಬಿಚ್ಚುವ ಕಡೆ ಇನ್ನೊಂದು 529. ಒಟ್ಟು 1105, ಅಂದರೆ ಸುಮಾರು 25 ಮಿಲಿಸೆಕೆಂಡು. ಲೇಮ್ ಸೇರಿಸಿದ್ದರ ಲೆಕ್ಕ ಫೈಲಿನ ಟ್ಯಾಗ್‌ನಲ್ಲಿ ಬರೆದಿರುತ್ತದೆ. ಕೆಲವು ಪ್ಲೇಯರ್‌ಗಳು ಓದಿ ತೆಗೆಯುತ್ತವೆ, ಕೆಲವು ಇಲ್ಲ. ತೆಗೆಯದಿದ್ದರೆ ಎಯಿಂದ ಬಿಗೆ ಹಾರಿದಾಗ ತಾಳ ಒಂಚೂರು ಜಗ್ಗಿದಂತೆ ಆಗುತ್ತದೆ, ಆ ಜಗ್ಗುವಿಕೆಯಿಂದಲೇ ಎಕ್ಸ್ ಯಾವುದು ಅಂತ ಹೇಳಿಬಿಡಬಹುದು. ಸ್ಕೋರು ಹದಿನಾರಕ್ಕೆ ಹದಿನಾರು ಬರುತ್ತದೆ, ಧ್ವನಿಯ ಗುಣಮಟ್ಟದ ಬಗ್ಗೆ ಮಾತ್ರ ಒಂದಕ್ಷರ ಗೊತ್ತಾಗಿರುವುದಿಲ್ಲ. ಹಾಗಾಗಿ ಎರಡನ್ನೂ ವೇವ್ ಫೈಲ್ ಮಾಡಿ, ಆಡಾಸಿಟಿಯಲ್ಲಿ ಒಂದರ ಕೆಳಗೆ ಒಂದು ಇಟ್ಟು, ದೊಡ್ಡದು ಮಾಡಿ, ಅಲೆಗಳು ಸ್ಯಾಂಪಲ್‌ಗೆ ಸ್ಯಾಂಪಲ್ ಕೂಡುತ್ತವಾ ಅಂತ ನೋಡಿದ ಮೇಲೇ ಮುಂದಿನ ಮಾತು.

ಇನ್ನು ಯಾವ ಕ್ಲಿಪ್ ಅನ್ನೋದು. ಮೆಚ್ಚಿನ ಹಾಡು ಬೇಡ, ಅದು ಎಲ್ಲೂ ಎಡವದೇ ಇರಬಹುದು. ಎಡವಿಸುವಂಥದ್ದು ಬೇಕು. ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್‌ನವರು 1988ರಲ್ಲಿ ಸ್ಕ್ವಾಮ್ ಅಂತ ಒಂದು ಸಿಡಿ ಮಾಡಿದ್ದರು. ಕ್ಯಾಸ್ಟನೆಟ್, ಗ್ಲಾಕೆನ್‌ಸ್ಪೀಲ್, ಹಾರ್ಪ್ಸಿಕಾರ್ಡ್ ಥರದ ವಾದ್ಯಗಳು, ಬೇರೆ ಬೇರೆ ಭಾಷೆಯ ಮಾತು, ಹೀಗೆ ಒಂದೊಂದನ್ನೂ ಬೇರೆಯಾಗಿ ರೆಕಾರ್ಡ್ ಮಾಡಿದ್ದು. ಈಗಲೂ ಎನ್‌ಕೋಡರ್‌ಗಳ ಬೆವರಿಳಿಸೋದು ಇವೇ.

ಕ್ಯಾಸ್ಟನೆಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ಕಿವಿ ಪಳಗಿದ್ದು ಅದರಲ್ಲೇ. ಮರದ ಎರಡು ಚಿಪ್ಪು ಬಡಿದಾಗ "ಟಕ್" ಅನ್ನುತ್ತದೆ. ಅದರ ಮುಂಚೆ ಪೂರ್ತಿ ಮೌನ. ಎಂಪಿ3 ಧ್ವನಿಯನ್ನು 576 ಸ್ಯಾಂಪಲ್‌ಗಳ ತುಂಡುಗಳಲ್ಲಿ, ಸಿಡಿ ದರದಲ್ಲಿ ಸುಮಾರು 13 ಮಿಲಿಸೆಕೆಂಡು, ಪಕ್ಕದ ತುಂಡಿನ ಮೇಲೆ ಹಾದುಹೋಗುವಂತೆ ನೋಡುತ್ತದೆ. ಒಂದು ತುಂಡಿನಲ್ಲಿ ಬಿಟ್ ಉಳಿಸಿದ್ದರಿಂದ ಹುಟ್ಟುವ ಗದ್ದಲ ಆ ತುಂಡಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ಟಕ್ ಇರುವುದು ತುಂಡಿನ ಕೊನೆಯಲ್ಲಾದರೆ ಗದ್ದಲ ಅದಕ್ಕಿಂತ ಮುಂಚೆಯೇ ಶುರುವಾಗುತ್ತದೆ, ಮೌನ ಇರಬೇಕಾದ ಕಡೆ. ಆಗ ಕೇಳಿಸುವುದು "ಟಕ್" ಅಲ್ಲ, "ಶ್ಟಕ್". ಇದಕ್ಕೆ ಪ್ರಿ-ಎಕೊ ಅಂತಾರೆ. ಜೋರಾದ ಸದ್ದು ತನ್ನ ನಂತರದ ಸಣ್ಣ ಸದ್ದನ್ನು ನೂರು ಮಿಲಿಸೆಕೆಂಡು ಅಥವಾ ಇನ್ನೂ ಜಾಸ್ತಿ ಹೊತ್ತು ಮುಚ್ಚಬಲ್ಲದು, ಮುಂಚಿನದನ್ನು ಮುಚ್ಚೋದು ಕೆಲವೇ ಮಿಲಿಸೆಕೆಂಡು. ಅದಕ್ಕೇ ಈ ದೋಷ ಅಷ್ಟು ಸುಲಭವಾಗಿ ಸಿಕ್ಕಿಬೀಳುತ್ತದೆ. ಎನ್‌ಕೋಡರ್ ಬುದ್ಧಿವಂತ ಆಗಿದ್ದರೆ ಟಕ್ ಬರುವುದನ್ನು ಮೊದಲೇ ಗುರುತಿಸಿ 192 ಸ್ಯಾಂಪಲ್‌ಗಳ ಸಣ್ಣ ತುಂಡಿಗೆ ಬದಲಾಗುತ್ತದೆ, ಗದ್ದಲ ಸುಮಾರು 4 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಎಂಪಿ3ಯ ನಂತರ ಬಂದ ಎಎಸಿ ಫಾರ್ಮ್ಯಾಟ್‌ನಲ್ಲಿ ಸಣ್ಣ ತುಂಡು 128 ಸ್ಯಾಂಪಲ್, ಸುಮಾರು 3 ಮಿಲಿಸೆಕೆಂಡು. ಎಂಪಿ3ಗೆ 192 ಸ್ಯಾಂಪಲ್‌ಗಿಂತ ಕೆಳಗೆ ಇಳಿಯಲು ದಾರಿಯೇ ಇಲ್ಲ, ಆದ್ದರಿಂದ ಕೆಲವು ಕ್ಲಿಪ್‌ಗಳಲ್ಲಿ 320ರ ಬಿಟ್‌ರೇಟ್ ಕೊಟ್ಟರೂ ಶ್ಟಕ್ ಪೂರ್ತಿ ಹೋಗುವುದಿಲ್ಲ. ಬಿಟ್‌ರೇಟ್ ಏರಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ನಾನು ಕೇಳಿಸುವುದು ಇದನ್ನೇ.

ಉಳಿದ ದೋಷಗಳು ಬೇರೆ ಥರ. ಚಪ್ಪಾಳೆಯ ರೆಕಾರ್ಡಿಂಗ್‌ನಲ್ಲಿ ಒಂದೊಂದು ಚಪ್ಪಾಳೆಯೂ ಬಿಡಿಬಿಡಿಯಾಗಿ ಕೇಳಿಸಬೇಕು, ಬಿಟ್ ಸಾಲದಿದ್ದರೆ ಎಲ್ಲ ಕಲಸಿ ತಗಡಿನ ಮೇಲೆ ಮಳೆ ಸುರಿದಂತೆ ಆಗುತ್ತದೆ. ಕಡಿಮೆ ಬಿಟ್‌ರೇಟ್‌ನಲ್ಲಿ ಸಿಂಬಲ್ ಮತ್ತು "ಸ" ಅಕ್ಷರಗಳ ಸುತ್ತ ಗುಳುಗುಳು ಅನ್ನುತ್ತದೆ. ಮೇಲಿನ ಪಟ್ಟಿಗಳು ಒಂದು ತುಂಡಿನಲ್ಲಿ ಇದ್ದು ಮುಂದಿನದರಲ್ಲಿ ಮಾಯವಾಗುವುದೇ ಅದರ ಕಾರಣ. ಎಡ-ಬಲ ಕುಗ್ಗುವುದೂ ಇದೆ, ಆದರೆ ಇಲ್ಲಿ ಜಾಯಿಂಟ್ ಸ್ಟೀರಿಯೋನ ಸುಮ್ಮಸುಮ್ಮನೆ ಬೈಯುತ್ತಾರೆ. ಎಡ-ಬಲವನ್ನು ಮೊತ್ತ ಮತ್ತು ವ್ಯತ್ಯಾಸ ಅಂತ ಬದಲಿಸಿ ಇಡುವುದರಿಂದ ತಾನಾಗೇ ಏನೂ ನಷ್ಟವಾಗುವುದಿಲ್ಲ, ತಿರುಗಿ ಹಾಗೇ ಪಡೆಯಬಹುದು. ಇಂಟೆನ್ಸಿಟಿ ಸ್ಟೀರಿಯೋ ಅಂತ ಇನ್ನೊಂದು ವಿಧಾನ ಇದೆ, ನಷ್ಟ ಆಗುವುದು ಅದರಲ್ಲಿ.

ಕಿವಿಗೆ ಇದನ್ನು ಕಲಿಸೋಕೆ ನಾನು ಕೆಳಗಿನಿಂದ ಮೇಲೆ ಹೋದೆ. ಕ್ಯಾಸ್ಟನೆಟ್ ಕ್ಲಿಪ್‌ನ ಮೊದಲು 48ರಲ್ಲಿ. ಅಲ್ಲಿ ಕಿವಿ ಇರುವ ಯಾರಿಗಾದರೂ ಗೊತ್ತಾಗುತ್ತದೆ. ದೋಷ ಹೇಗೆ ಕೇಳಿಸುತ್ತದೆ ಅಂತ ಗಟ್ಟಿಯಾಗಿ ತಲೆಯಲ್ಲಿ ಕೂತ ಮೇಲೆ 64, ಆಮೇಲೆ 96, 128, 160. ಪ್ರತಿ ಮೆಟ್ಟಿಲಲ್ಲೂ ಅದೇ ದೋಷ ಅದೇ ಜಾಗದಲ್ಲಿ ಚಿಕ್ಕದಾಗುತ್ತಾ ಹೋಗುತ್ತದೆ, ಎಲ್ಲಿ ಹುಡುಕಬೇಕು ಅಂತ ಗೊತ್ತಿರುವುದರಿಂದ ಸಿಗುತ್ತದೆ. ಮೊದಲೇ 160ಕ್ಕೆ ಕೂತರೆ ಏನೂ ಕೇಳಿಸದೆ ಎದ್ದು ಹೋಗುತ್ತೀರಿ. ಇದರಿಂದ ಒಂದು ತೊಂದರೆಯೂ ಆಯಿತು. ಒಮ್ಮೆ ಶ್ಟಕ್ ಕೇಳೋದು ಕಲಿತರೆ ಮತ್ತೆ ಮರೆಯೋಕೆ ಆಗಲ್ಲ. ಯಾರದೋ ವಿಡಿಯೋದಲ್ಲಿ ಹಿಂದೆ ಸಣ್ಣಗೆ ಡ್ರಮ್ ಇದ್ದರೂ ಅದೇ ಕೇಳಿಸುತ್ತದೆ.

ಪರೀಕ್ಷೆಗೆ ಕೂತಾಗ ಒಂದೆರಡು ಸೆಕೆಂಡಿನ ತುಂಡನ್ನೇ ಸುತ್ತಿಸುತ್ತೇನೆ. ಧ್ವನಿಯ ಸೂಕ್ಷ್ಮ ನೆನಪು ತುಂಬ ಹೊತ್ತು ಉಳಿಯುವುದಿಲ್ಲ, ಒಂದು ನಿಮಿಷ ಎ ಕೇಳಿ ಒಂದು ನಿಮಿಷ ಬಿ ಕೇಳಿದರೆ ಹೋಲಿಕೆಯೇ ಆಗಲ್ಲ. ತುಂಡಿನ ಶುರು ಟಕ್‌ಗಿಂತ ಸ್ವಲ್ಪ ಮುಂಚೆ ಇರಬೇಕು. ಇಲ್ಲದಿದ್ದರೆ ಪ್ರಿ-ಎಕೊ ಇರುವ ಜಾಗವೇ ಕತ್ತರಿಸಿ ಹೋಗುತ್ತದೆ. ಎಷ್ಟು ಸುತ್ತು ಅಂತ ಮೊದಲೇ ನಿಗದಿ ಮಾಡುತ್ತೇನೆ, ಸಾಮಾನ್ಯವಾಗಿ 16, ಮುಗಿಯುವವರೆಗೆ ಸ್ಕೋರು ಮುಚ್ಚಿಟ್ಟಿರುತ್ತೇನೆ. ಸ್ಕೋರು ನೋಡುತ್ತಾ ಚೆನ್ನಾಗಿ ಬಂದಾಗ ನಿಲ್ಲಿಸಿದರೆ ಯಾರು ಬೇಕಾದರೂ ಪಾಸ್ ಆಗುತ್ತಾರೆ. ಲೆಕ್ಕ ಹೀಗಿದೆ: ಕಣ್ಣು ಮುಚ್ಚಿ ಬಟನ್ ಒತ್ತುವವನಿಗೆ 8ಕ್ಕೆ 6 ಅಥವಾ ಜಾಸ್ತಿ ಸಿಗುವ ಸಂಭವ ಶೇಕಡಾ 14ಕ್ಕೂ ಮೇಲೆ. ಅದನ್ನು ನಂಬೋಕಾಗಲ್ಲ. 16ಕ್ಕೆ 12 ಅಥವಾ ಜಾಸ್ತಿ ಬರುವ ಸಂಭವ ಶೇಕಡಾ 4ಕ್ಕಿಂತ ಕಡಿಮೆ, 14 ಅಥವಾ ಜಾಸ್ತಿ ಆದರೆ ಶೇಕಡಾ 0.2ರ ಹತ್ತಿರ. 12 ಬಂದರೆ ನಾನು ಇನ್ನೊಂದು ದಿನ ಹೊಸದಾಗಿ ಮಾಡುತ್ತೇನೆ. ಕಿವಿ ಬೇಗ ದಣಿಯುತ್ತದೆ, ಹತ್ತನೇ ಸುತ್ತಿನ ಹೊತ್ತಿಗೆ ಎಲ್ಲ ಒಂದೇ ಅನಿಸೋಕೆ ಶುರುವಾದರೆ ಎದ್ದು ಹೋಗಿ ಬರುವುದೇ ಸರಿ. ಫೇಲ್ ಆದರೆ ವ್ಯತ್ಯಾಸ ಇಲ್ಲ ಅಂತ ಅರ್ಥವಲ್ಲ. ಆ ಹೆಡ್‌ಫೋನ್‌ನಲ್ಲಿ, ಆ ಕ್ಲಿಪ್‌ನಲ್ಲಿ ನನಗೆ ಸಿಗಲಿಲ್ಲ ಅಂತ ಅಷ್ಟೇ. ನನ್ನ ಫೋನಿಗೆ ಹಾಡು ಹಾಕಿಕೊಳ್ಳಲು ಅಷ್ಟು ತಿಳಿದರೆ ಸಾಕು.

ಎಬಿಎಕ್ಸ್ ಹೇಳುವುದು ವ್ಯತ್ಯಾಸ ಕೇಳಿಸುತ್ತದಾ ಅಂತ ಮಾತ್ರ, ಎಷ್ಟು ಕೆಟ್ಟಿದೆ ಅಂತ ಅಲ್ಲ. ಕಡಿಮೆ ಬಿಟ್‌ರೇಟ್‌ನ ನಾಲ್ಕೈದು ಎನ್‌ಕೋಡರ್‌ಗಳನ್ನು ಹೋಲಿಸಬೇಕಾದಾಗ ಮುಶ್ರಾ ಅನ್ನುವ ವಿಧಾನ ಇದೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ಸೊನ್ನೆಯಿಂದ ನೂರರವರೆಗೆ ಅಂಕ ಕೊಡುವುದು. ನಡುವೆ ಮೂಲವನ್ನೂ ಹೆಸರಿಲ್ಲದೆ ಬಚ್ಚಿಟ್ಟಿರುತ್ತಾರೆ, 3.5 ಕಿಲೋಹರ್ಟ್ಸ್ ಮೇಲೆಲ್ಲ ಕತ್ತರಿಸಿದ ಒಂದು ಕೆಟ್ಟ ಪ್ರತಿಯನ್ನೂ. ಬಚ್ಚಿಟ್ಟ ಮೂಲಕ್ಕೇ ಕಡಿಮೆ ಅಂಕ ಕೊಟ್ಟರೆ ಆ ದಿನದ ನಿಮ್ಮ ಅಂಕಗಳನ್ನೆಲ್ಲ ಕಸಕ್ಕೆ ಹಾಕಬಹುದು. ಒಬ್ಬರೇ ಕೂತು ಮಾಡೋಕೆ ಇದು ಬೇಜಾರಿನ ಕೆಲಸ.

ನನ್ನ ಕಿವಿಗೆ ಬಂದ ಫಲಿತಾಂಶ: ಮಾಮೂಲಿ ಹಾಡುಗಳಲ್ಲಿ ಲೇಮ್‌ನ ವಿ2 ಅನ್ನೋ ಬಿಟ್‌ರೇಟ್ ಬದಲಾಗುವ ಸೆಟ್ಟಿಂಗ್‌ನಲ್ಲಿ, ಅಂದರೆ ಸರಾಸರಿ 190ರ ಆಸುಪಾಸಿನಲ್ಲಿ, ನನಗೆ ಏನೂ ಸಿಗುವುದಿಲ್ಲ. ಓಪಸ್ 128ರಲ್ಲೂ ಅಷ್ಟೇ. ಕ್ಯಾಸ್ಟನೆಟ್, ಹಾರ್ಪ್ಸಿಕಾರ್ಡ್ ಆದರೆ ವಿ2 ಸಿಕ್ಕಿಬೀಳುತ್ತದೆ. ನಾನು ದಿನಾ ಹಾರ್ಪ್ಸಿಕಾರ್ಡ್ ಕೇಳಲ್ಲ, ಹಾಗಾಗಿ ಫೋನಿನಲ್ಲಿ ಓಪಸ್ 128, ಮನೆಯ ಡಿಸ್ಕ್‌ನಲ್ಲಿ ಫ್ಲಾಕ್. ಫ್ಲಾಕ್ ಇಡುವುದಕ್ಕೆ ಕಾರಣ ಧ್ವನಿ ಅಲ್ಲ, ಮರು-ಕಂಪ್ರೆಷನ್. 128ರ ಎಂಪಿ3ಯನ್ನು 128ರ ಎಎಸಿ ಮಾಡಿದರೆ ಒಂದರ ಗದ್ದಲವನ್ನೂ ಇನ್ನೊಂದು ಸಂಗೀತ ಅಂದುಕೊಂಡು ಅದಕ್ಕೂ ಬಿಟ್ ಖರ್ಚು ಮಾಡುತ್ತದೆ, ತನ್ನ ಗದ್ದಲವನ್ನು ಅದರ ಮೇಲೆ ಸೇರಿಸುತ್ತದೆ. ಎರಡರಲ್ಲೂ ಬೇರೆಬೇರೆಯಾಗಿ ಕೇಳಿದಾಗ ನನಗೆ ವ್ಯತ್ಯಾಸ ಸಿಗದ ಕ್ಲಿಪ್, ಒಂದರ ಮೇಲೊಂದು ಹಾದು ಬಂದಾಗ ನನಗೆ ಸುಲಭವಾಗಿ ಸಿಕ್ಕಿದೆ. ಈಗ ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡರೆ ಆಗುವುದೂ ಇದೇ, ಆ ಎರಡನೇ ಸುತ್ತನ್ನು ಕಂಪ್ಯೂಟರ್‌ನಲ್ಲೇ ಮಾಡಿ ವೈರ್ ಹೆಡ್‌ಫೋನ್‌ನಲ್ಲಿ ಎಬಿಎಕ್ಸ್‌ಗೆ ಕೂರಿಸುವುದು ಸದ್ಯಕ್ಕೆ ನಡೆಯುತ್ತಿರುವ ಕೆಲಸ.