ಕಕ್ಕಡದ ಮಳೆಯಲ್ಲಿ ಅಜ್ಜಿಯ ಕಥೆ ಬರೆದಿಡಿ

ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದರೆ ಹಿರಿಯರು ಒಲೆ ಪಕ್ಕ ಕೂತಿರುತ್ತಾರೆ. ಕಥೆ ಕೇಳಲು ಒಳ್ಳೆ ಸಮಯ.

ಸುಮ್ನೆ "ನಿಮ್ಮ ಕಥೆ ಹೇಳಿ" ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಕೈಗೆ ಏನಾದರೂ ಕೊಡಿ. ನಾನು ನಮ್ಮಜ್ಜಿ ಮುಂದೆ ನೂಪುಟ್ಟು (ಅಕ್ಕಿ ಶ್ಯಾವಿಗೆ) ಒತ್ತುವ ಹಳೆ ಒರಳು ಇಟ್ಟೆ. "ಇದು ನನ್ನ ತವರಿಂದ ಬಂದದ್ದು" ಅಂತ ಶುರುವಾದ ಮಾತು ರಾತ್ರಿ ಊಟದವರೆಗೂ ನಡೆಯಿತು. ಅವರ ತಾಯಿಯ ಹೆಸರು ನನಗೆ ಗೊತ್ತಾದದ್ದು ಅವತ್ತೇ.

ಇಸವಿ ಯಾರಿಗೂ ನೆನಪಿರುವುದಿಲ್ಲ. ಎಲ್ಲರಿಗೂ ಗೊತ್ತಿರುವ ಘಟನೆ ಹಿಡಿದು ಕೇಳಿ. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಆಗ ನೀವು ಶಾಲೆಗೆ ಹೋಗುತ್ತಿದ್ದಿರಾ? ಮದುವೆ ಆದದ್ದು ಪುತ್ತರಿ ಸುಗ್ಗಿ ಹಬ್ಬಕ್ಕೆ ಮೊದಲೋ, ಆಮೇಲೋ?

ಒಪ್ಪಿಗೆ ಕೇಳಿ ಫೋನಲ್ಲಿ ರೆಕಾರ್ಡ್ ಮಾಡಿ. ಕೊಡವ ತಕ್ (ಕೊಡವ ಭಾಷೆ) ಆಗಲಿ, ಅರೆಭಾಷೆಯಾಗಲಿ, ಅವರ ಮಾತನ್ನು ಹಾಗೇ ಬರೆಯಿರಿ. ಕನ್ನಡದ ಅರ್ಥ ಕೆಳಗಿರಲಿ. ಪೂರ್ತಿ ಕನ್ನಡಕ್ಕೆ ತಿರುಗಿಸಿದರೆ ಅವರ ದನಿಯೇ ಹೋಗುತ್ತದೆ, ಅಲ್ವಾ?

ನಮ್ಮಲ್ಲಿ ತೇವದ ಕಾಟ ಜಾಸ್ತಿ. ಮುತ್ತಜ್ಜನ ಕಾಗದಗಳು ಟ್ರಂಕಿನಲ್ಲೇ ಬೂಷ್ಟು ಹಿಡಿದು ಅಂಟಿಕೊಂಡವು. ಆ ನೋವು ಇನ್ನೂ ಹೋಗಿಲ್ಲ. ಪೆನ್ಸಿಲ್‌ನಲ್ಲಿ ಬರೆಯಿರಿ, ನೀರು ತಾಗಿದರೂ ಇಂಕಿನ ಹಾಗೆ ಹರಡುವುದಿಲ್ಲ. ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಹಳೆ ಫೋಟೊಗೆ ಲ್ಯಾಮಿನೇಷನ್ ಮಾತ್ರ ಬೇಡ, ಆಮೇಲೆ ಬಿಡಿಸಲು ಆಗುವುದಿಲ್ಲ.

ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಲಿ. ನಮ್ಮದು ಮೈಸೂರಿನ ತಂಗಿ ಮನೆಯಲ್ಲಿದೆ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಮೇಲೆ ಎಲ್ಲವನ್ನೂ ಒಂದೇ ಸೂರಿನಡಿ ಇಡಲು ನನಗೆ ಧೈರ್ಯ ಬರುವುದಿಲ್ಲ.