ಮಗ್ಗಿ ಕಲಿಸುವ ಕ್ರಮ: ನೂರು ಉತ್ತರಗಳಲ್ಲಿ ಕಷ್ಟದವು ಆರೇ

ಮಗುವೊಂದನ್ನು ಕರೆದು ಏಳರ ಮಗ್ಗಿ ಒಪ್ಪಿಸೆಂದರೆ ಅದು ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು ಎಂದು ಹೊರಟು ಎಪ್ಪತ್ತರವರೆಗೆ ಎಲ್ಲಿಯೂ ತಡವರಿಸದೆ ಹೇಳಿ ಮುಗಿಸಬಹುದು. ಅದೇ ಮಗುವಿಗೆ ಏಳೆಂಟ್ಲ ಎಷ್ಟು ಎಂದು ನಡುವಿನಿಂದ ಪ್ರಶ್ನೆ ಹಾಕಿದರೆ ತುಟಿಗಳು ಅಲುಗಾಡತೊಡಗುತ್ತವೆ. ಮತ್ತೆ ಏಳೊಂದ್ಲದಿಂದ ಆರಂಭಿಸಿ, ಎಂಟನೆಯ ಸಾಲಿಗೆ ಬಂದ ಮೇಲೆಯೇ ಐವತ್ತಾರು ಎಂಬ ಉತ್ತರ ಹೊರಬೀಳುತ್ತದೆ. ಇದನ್ನು ದಡ್ಡತನವೆಂದು ಎಣಿಸಬಾರದು. ರಾಗವಾಗಿ ಕಲಿತದ್ದು ಸರಪಳಿಯ ರೂಪದಲ್ಲಿ ನೆನಪಿನಲ್ಲಿ ಉಳಿಯುತ್ತದೆ, ಸರಪಳಿಯನ್ನು ಒಂದು ತುದಿಯಿಂದಲೇ ಎಳೆಯಬೇಕಾಗುತ್ತದೆ. ಆದ್ದರಿಂದ ಮಗ್ಗಿ ಕಲಿಸುವವರ ಗುರಿ ಒಪ್ಪಿಸುವುದರಲ್ಲಿ ಮುಗಿಯದೆ, ಯಾವ ಉತ್ತರವನ್ನಾದರೂ ನೇರವಾಗಿ ಎತ್ತಿ ಕೊಡುವ ಸ್ಥಿತಿಗೆ ಮಗುವನ್ನು ತಲುಪಿಸುವುದಾಗಿರಬೇಕು.

ಹಿಂದಿನವರು ಕೇವಲ ಉರು ಹೊಡೆದರು, ಇಂದಿನವರು ಅರ್ಥ ಮಾಡಿಕೊಂಡು ಕಲಿಯುತ್ತಾರೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಚರಿತ್ರೆ ಅಷ್ಟು ಸರಳವಾಗಿಲ್ಲ. ಸುಮಾರು 3,700 ವರ್ಷಗಳ ಹಿಂದೆ ಮೆಸೊಪೊಟೇಮಿಯಾದ ನಿಪ್ಪುರ್ ನಗರದಲ್ಲಿ ಲಿಪಿಕಾರರಾಗಲು ಕಲಿಯುತ್ತಿದ್ದವರು ಹಸಿ ಜೇಡಿಮಣ್ಣಿನ ಫಲಕಗಳ ಮೇಲೆ ಮಗ್ಗಿ ಬರೆಯುತ್ತಿದ್ದರು. ಅವರ ಎಣಿಕೆ ಅರವತ್ತನ್ನು ಆಧರಿಸಿದ್ದರಿಂದ ಪೂರ್ಣ ಮಗ್ಗಿಯೆಂದರೆ ಒಂದೊಂದರಲ್ಲೂ 59 ಸಾಲುಗಳಿರಬೇಕಾಗಿತ್ತು. ಆದರೆ ಅವರು 1ರಿಂದ 20ರವರೆಗೆ ಬರೆದು, ಅಲ್ಲಿಂದ 30, 40, 50ಕ್ಕೆ ಹಾರಿ ನಿಲ್ಲಿಸುತ್ತಿದ್ದರು. 37ರಷ್ಟು ಬೇಕಾದಾಗ 30ರ ಸಾಲಿಗೆ 7ರ ಸಾಲನ್ನು ಕೂಡಿಸಿದರೆ ಸಾಕಾಗುತ್ತಿತ್ತು. ಚೀನಾದಲ್ಲಿ ಮಗ್ಗಿಗೆ ‘ಒಂಬತ್ತೊಂಬತ್ತು’ ಎಂದೇ ಹೆಸರು, ಏಕೆಂದರೆ ಹಿಂದೆ ಅದನ್ನು ಎಂಬತ್ತೊಂದರಿಂದ ಇಳಿಮುಖವಾಗಿ ಹೇಳುತ್ತಿದ್ದರು. ಕ್ರಿ.ಪೂ. 305ರ ಸುಮಾರಿನ, 21 ಬಿದಿರು ಪಟ್ಟಿಗಳ ಮೇಲಿನ ಅಲ್ಲಿನ ಒಂದು ಮಗ್ಗಿಯಲ್ಲಿ ಬಿಡಿ ಅಂಕೆಗಳು, ಹತ್ತರಿಂದ ತೊಂಬತ್ತರವರೆಗಿನ ಪೂರ್ಣ ಹತ್ತುಗಳು ಮತ್ತು ಅರ್ಧ ಮಾತ್ರ ಇವೆ. ಉಳಿದುದನ್ನು ಒಡೆದು ಕೂಡಿಸಿಕೊಳ್ಳಬೇಕಿತ್ತು. ಸ್ವಲ್ಪವನ್ನು ಗಟ್ಟಿಯಾಗಿ ನೆನಪಿಟ್ಟು ಉಳಿದುದನ್ನು ಅದರಿಂದ ಹೊರಡಿಸುವ ಈ ಜಾಣತನವೇ ಕೆಳಗೆ ಹೇಳುವ ಕ್ರಮಕ್ಕೂ ಆಧಾರವಾಗಿದೆ.

ಮೊದಲ ಹೆಜ್ಜೆ: ಸಾಲು ಜೋಡಿಸುವುದು

ಮಗ್ಗಿಯ ಪುಸ್ತಕವನ್ನು ತೆರೆಯುವ ಮುನ್ನ ಗುಂಡಿಗಳನ್ನೋ ಕಲ್ಲುಗಳನ್ನೋ ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸಲು ಮಗುವಿಗೆ ಹೇಳಬೇಕು. ಮೂರು ಸಾಲು, ಸಾಲಿಗೆ ನಾಲ್ಕು ಕಲ್ಲು. ಮಗು ಎಣಿಸಿ ಹನ್ನೆರಡು ಎಂದ ಮೇಲೆ, ಅದನ್ನು ಪಕ್ಕದ ಬದಿಗೆ ಬಂದು ಕುಳಿತು ನೋಡಲು ಹೇಳಿದರೆ ಅದೇ ಕಲ್ಲುಗಳು ನಾಲ್ಕು ಸಾಲು, ಸಾಲಿಗೆ ಮೂರರಂತೆ ಕಾಣುತ್ತವೆ. ಮೂರ್ನಾಲ್ಕೂ ನಾಲ್ಮೂರೂ ಒಂದೇ ಎಂಬುದನ್ನು ಬಾಯಿಮಾತಿನಲ್ಲಿ ಎಷ್ಟು ಸಲ ಹೇಳಿದರೂ ಮೂಡದ ನಂಬಿಕೆ ಹೀಗೆ ಜಾಗ ಬದಲಿಸಿ ನೋಡಿದಾಗ ಮೂಡುತ್ತದೆ. ಹತ್ತರವರೆಗಿನ ಹತ್ತು ಮಗ್ಗಿಗಳಲ್ಲಿ ನೂರು ಸಾಲುಗಳಿದ್ದರೂ, ಈ ಒಂದು ತಿಳಿವಳಿಕೆಯಿಂದ ಕಲಿಯಬೇಕಾದವು 55ಕ್ಕೆ ಇಳಿಯುತ್ತವೆ.

ಎರಡನೆಯ ಹೆಜ್ಜೆ: ಕ್ರಮವನ್ನು ಬದಲಿಸುವುದು

ಎರಡು, ಮೂರು, ನಾಲ್ಕು ಎಂದು ಏರುತ್ತಾ ಹೋಗುವ ವಾಡಿಕೆ ಪುಸ್ತಕಕ್ಕೆ ಅನುಕೂಲವೇ ಹೊರತು ಮಗುವಿಗಲ್ಲ. ಒಂದು ಮತ್ತು ಹತ್ತರ ಮಗ್ಗಿಗಳಿಗೆ ಶ್ರಮವೇ ಬೇಡ. ಅವನ್ನು ಬಿಟ್ಟರೆ 36 ಉಳಿಯುತ್ತವೆ. ನಂತರ ಎರಡರದ್ದು, ಬಳಿಕ ಹತ್ತರ ಅರ್ಧವಾದ ಐದರದ್ದು. ಈಗ ಉಳಿದವು 21. ಎರಡರಷ್ಟನ್ನು ಮತ್ತೊಮ್ಮೆ ಇಮ್ಮಡಿಸಿದರೆ ನಾಲ್ಕರ ಮಗ್ಗಿ ಸಿಗುತ್ತದೆ, 15 ಉಳಿಯುತ್ತವೆ. ಒಂಬತ್ತರ ಮಗ್ಗಿ ಹತ್ತರದಕ್ಕಿಂತ ಒಂದು ಪಾಲು ಕಡಿಮೆ: ಒಂಬತ್ತೇಳ್ಲ ಬೇಕಿದ್ದರೆ ಎಪ್ಪತ್ತರಲ್ಲಿ ಏಳನ್ನು ಕಳೆದು ಅರವತ್ಮೂರು. ಉತ್ತರದ ಎರಡು ಅಂಕೆಗಳನ್ನು ಕೂಡಿಸಿದರೆ ಒಂಬತ್ತೇ ಬರುವುದರಿಂದ ಮಗು ತನ್ನ ಉತ್ತರವನ್ನು ತಾನೇ ಪರೀಕ್ಷಿಸಿಕೊಳ್ಳಬಲ್ಲದು. ಉಳಿದವು 10. ಮೂರರ ಮಗ್ಗಿ ಎರಡರದ್ದಕ್ಕೆ ಇನ್ನೊಂದು ಪಾಲು ಸೇರಿಸಿದ್ದು. ಅದೂ ಬಂದ ಮೇಲೆ ಆರೇ ಆರು ಉಳಿಯುತ್ತವೆ.

ಮೂರನೆಯ ಹೆಜ್ಜೆ: ಆ ಆರು

6×6, 6×7, 6×8, 7×7, 7×8, 8×8. ದೊಡ್ಡವರೂ ಅರೆಕ್ಷಣ ತಡೆದು ಯೋಚಿಸುವುದು ಇಲ್ಲಿಯೇ. ಇವುಗಳಿಗೆ ಹೆಚ್ಚು ದಿನ ಕೊಡಬೇಕು, ಅವಸರ ಮಾಡಬಾರದು. ಐದರ ಮಗ್ಗಿ ಗಟ್ಟಿಯಾಗಿದ್ದರೆ ಐದೇಳ್ಲ ಮೂವತ್ತೈದಕ್ಕೆ ಇನ್ನೊಂದು ಏಳು ಸೇರಿಸಿ ಆರೇಳ್ಲ ನಲವತ್ತೆರಡನ್ನು ಪಡೆಯಬಹುದು. ಏಳೆಂಟ್ಲಕ್ಕೆ ಐದೆಂಟ್ಲ ನಲವತ್ತು ಮತ್ತು ಎರಡೆಂಟ್ಲ ಹದಿನಾರನ್ನು ಕೂಡಿಸಬಹುದು.

ಇದೇ ಆರನ್ನು ಬೆರಳುಗಳಿಂದಲೂ ಮಾಡಬಹುದು. ಒಂದು ಕೈಯಲ್ಲಿ ಏಳಕ್ಕಾಗಿ, ಐದಕ್ಕಿಂತ ಹೆಚ್ಚಿರುವ ಎರಡು ಬೆರಳುಗಳನ್ನು ಎತ್ತಿ. ಇನ್ನೊಂದರಲ್ಲಿ ಎಂಟಕ್ಕಾಗಿ ಮೂರನ್ನು ಎತ್ತಿ. ಎತ್ತಿದವು ಒಟ್ಟು ಐದು, ಅವು ಹತ್ತುಗಳು, ಅಂದರೆ ಐವತ್ತು. ಮಡಚಿರುವವು ಒಂದು ಕೈಯಲ್ಲಿ ಮೂರು, ಇನ್ನೊಂದರಲ್ಲಿ ಎರಡು. ಅವುಗಳನ್ನು ಗುಣಿಸಿದರೆ ಆರು. ಒಟ್ಟು ಐವತ್ತಾರು. ಆರೇಳ್ಲಕ್ಕೆ ಎತ್ತಿದ ಮೂರರಿಂದ ಮೂವತ್ತು, ಮಡಚಿದ ನಾಲ್ಕು ಮತ್ತು ಮೂರರಿಂದ ಹನ್ನೆರಡು, ಕೂಡಿಸಿದರೆ ನಲವತ್ತೆರಡು. ಇದೇ ಲೆಕ್ಕವನ್ನು ಕಾಗದದ ಮೇಲೆ × ಆಕಾರದಲ್ಲಿ ಗೆರೆ ಎಳೆದು ಮಾಡುವ ವಿಧಾನವನ್ನು ವೇಲ್ಸ್‌ನಲ್ಲಿ ಹುಟ್ಟಿದ ರಾಬರ್ಟ್ ರೆಕಾರ್ಡ್ ಅವರು 1543ರಲ್ಲಿ ಅಚ್ಚಾದ ತಮ್ಮ ಅಂಕಗಣಿತದ ಪುಸ್ತಕದಲ್ಲಿ ಕಲಿಸಿದ್ದಾರೆ. ಐದೈದ್ಲದವರೆಗೆ ಬಂದರೆ ಮುಂದಿನದಕ್ಕೆ ಇಂಥ ಉಪಾಯ ಸಾಕೆಂದು ಹಿಂದಿನವರೂ ಕಂಡುಕೊಂಡಿದ್ದರು. ಆದರೂ ಬೆರಳು ಊರುಗೋಲು ಮಾತ್ರ. ಉತ್ತರ ತಾನಾಗಿ ಬರತೊಡಗಿದಾಗ ಮಗು ಅದನ್ನು ತಾನೇ ಕೈಬಿಡುತ್ತದೆ, ಅದಕ್ಕೆ ಮೊದಲು ಗದರಿಸಿ ಬಿಡಿಸುವ ಅಗತ್ಯವಿಲ್ಲ.

ನಾಲ್ಕನೆಯ ಹೆಜ್ಜೆ: ಕಲಸಿ ಕೇಳುವುದು

ಈಗ ಬಾಯಿಪಾಠಕ್ಕೆ ಸಮಯ. ರಾಗವಾಗಿ ಹೇಳುವುದನ್ನು ನಾನು ತಳ್ಳಿಹಾಕುವುದಿಲ್ಲ. ನಾಲಿಗೆ ಪಳಗಲು ಅದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಒಮ್ಮೆ ಏರುಮುಖವಾಗಿ, ಒಮ್ಮೆ ಇಳಿಮುಖವಾಗಿ ಹೇಳಿಸಿದರೆ ಸರಪಳಿ ಸಡಿಲವಾಗುತ್ತದೆ. ಅನಂತರ ಪ್ರಶ್ನೆಗಳನ್ನು ಚೀಟಿಗಳಲ್ಲಿ ಬರೆದು, ಹಿಂಬದಿಯಲ್ಲಿ ಉತ್ತರವಿಟ್ಟು, ಕಲಸಿ ಒಂದೊಂದಾಗಿ ಎತ್ತಬೇಕು. ಬಂದ ಉತ್ತರದ ಚೀಟಿ ಎರಡು ದಿನ ಬಿಟ್ಟು ಮತ್ತೆ ಬರಲಿ, ಬಾರದ್ದು ಅಂದೇ ಇನ್ನೊಮ್ಮೆ ಬರಲಿ. ದಿನಕ್ಕೆ ಐದು ನಿಮಿಷ ಸಾಕು. ಒಂದೇ ದಿನ ಕೂತು ಮಾಡುವ ಪಾಠಕ್ಕಿಂತ ಹಲವು ದಿನಗಳಿಗೆ ಹಂಚಿದ ಪಾಠ ಕಡಿಮೆ ಆವರ್ತನೆಗಳಲ್ಲೇ ನೆನಪಿನಲ್ಲಿ ನಿಲ್ಲುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅವರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ ನೋಡಿ 1885ರಲ್ಲೇ ತೋರಿಸಿದ್ದರು.

ತಪ್ಪು ಉತ್ತರವನ್ನು ತಪ್ಪೆಂದು ಹೇಳಿ ಮುಂದೆ ಹೋಗಬೇಡಿ. ಏಳೆಂಟ್ಲಕ್ಕೆ ಮಕ್ಕಳು ಯಾವುದೋ ಸಂಖ್ಯೆಯನ್ನು ಹೇಳುವುದು ಅಪರೂಪ. ಸಾಮಾನ್ಯವಾಗಿ 48, 49, 63 ಅಥವಾ 64 ಎನ್ನುತ್ತಾರೆ, ಎಲ್ಲವೂ ನೆರೆಮನೆಯ ಉತ್ತರಗಳೇ. “ಅರವತ್ಮೂರು ಯಾರ ಉತ್ತರ?” ಎಂದು ಕೇಳಿದರೆ ಮಗು ಎರಡು ಸಾಲುಗಳನ್ನೂ ಒಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಐದನೆಯ ಹೆಜ್ಜೆ: ವೇಗ

ಇದು ಕೊನೆಗೆ ಬರಬೇಕಾದದ್ದು. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ 2022ರಿಂದ ಎಂಟು-ಒಂಬತ್ತು ವರ್ಷದ ಮಕ್ಕಳಿಗೆ ಕಂಪ್ಯೂಟರಿನ ಮೇಲೆ ಕಡ್ಡಾಯವಾಗಿ ಮಗ್ಗಿ ಪರೀಕ್ಷೆ ನಡೆಸಲಾಗುತ್ತಿದೆ: 25 ಪ್ರಶ್ನೆಗಳು, ಪ್ರತಿಯೊಂದಕ್ಕೂ ಆರು ಸೆಕೆಂಡು. ಆರು ಸೆಕೆಂಡಿನಲ್ಲಿ ಏಳೊಂದ್ಲದಿಂದ ಹೊರಟು ಏಳೆಂಟ್ಲಕ್ಕೆ ಬಂದು ಉತ್ತರವನ್ನು ಒತ್ತುವುದು ಕಷ್ಟ, ಆದರೆ ನಲವತ್ತಕ್ಕೆ ಹದಿನಾರನ್ನು ಕೂಡಿಸಲು ಅದು ಸಾಕಾಗಬಹುದು. ಗಡಿಯಾರವನ್ನು ಬಳಸುವುದಾದರೆ ಮಗು ತನ್ನ ನಿನ್ನೆಯ ವೇಗದೊಡನೆ ಸ್ಪರ್ಧಿಸಲಿ, ಪಕ್ಕದ ಮಗುವಿನೊಡನೆ ಬೇಡ. ಮೊಬೈಲಿನ ಮಗ್ಗಿ ಆಟಗಳನ್ನೂ ಇದೇ ಹಂತಕ್ಕೆ ಮೀಸಲಿಡುವುದು ಒಳ್ಳೆಯದು. ಮೊದಲೇ ಕೊಟ್ಟರೆ ಊಹಿಸಿ ಒತ್ತುವ ಚಟ ಹತ್ತುತ್ತದೆ.

ಕೊನೆಯ ಹೆಜ್ಜೆ: ಹಿಂದುಮುಂದು

ಉತ್ತರವನ್ನು ಹೇಳಿ ಪ್ರಶ್ನೆಯನ್ನು ಕೇಳಬೇಕು. ನಲವತ್ತೆರಡು ಯಾವ ಯಾವ ಸಂಖ್ಯೆಗಳ ಗುಣಲಬ್ಧ? ಐವತ್ತಾರರಲ್ಲಿ ಎಷ್ಟು ಎಂಟುಗಳಿವೆ? ಭಾಗಾಕಾರಕ್ಕೆ ಬೇಕಾದ ಮಗ್ಗಿ ಇದೇ, ಮುಂದೆ ಭಿನ್ನರಾಶಿಗಳನ್ನು ಸಂಕ್ಷೇಪಿಸುವಾಗಲೂ ಇದೇ ನೆರವಿಗೆ ಬರುತ್ತದೆ. ಎರಡರಿಂದ ಒಂಬತ್ತರವರೆಗಿನ ಮಗ್ಗಿಗಳಲ್ಲಿ ಐದು ಸಂಖ್ಯೆಗಳಿಗೆ ಎರಡೆರಡು ಜೋಡಿಗಳಿವೆ: 12, 16, 18, 24 ಮತ್ತು 36. ಈ ಪಟ್ಟಿಯನ್ನು ಮಗುವಿಗೆ ತೋರಿಸದೆ, ಐದು ಇವೆ ಎಂದಷ್ಟೇ ಹೇಳಿ ಹುಡುಕಲು ಬಿಡಿ.