ಸಾಲುಮನೆಯ ಮುಂಗೋಡೆಗೆ ಮತ್ತೆ ಸುಣ್ಣದ ಗಾರೆ

ಲಂಡನ್ನಿನ ವಿಕ್ಟೋರಿಯನ್ ಸಾಲುಮನೆಗಳ ಹೊರಗೋಡೆ ಸಾಮಾನ್ಯವಾಗಿ ಒಂಬತ್ತು ಇಂಚು ದಪ್ಪ, ನಡುವೆ ಟೊಳ್ಳಿಲ್ಲ. ಮಳೆಗೆ ಹೀರಿದ ನೀರನ್ನು ಈ ಗೋಡೆ ಇಟ್ಟಿಗೆಗಳ ನಡುವಿನ ಸುಣ್ಣದ ಸಂದುಗಳಿಂದ ಹೊರಬಿಡುತ್ತದೆ. ಆ ಸಂದುಗಳಿಗೆ ಸಿಮೆಂಟ್ ಮೆತ್ತಿದರೆ ನೀರಿಗೆ ಇಟ್ಟಿಗೆಯೇ ದಾರಿ. ಚಳಿಗೆ ಅದು ಒಳಗೇ ಹೆಪ್ಪುಗಟ್ಟಿ ಇಟ್ಟಿಗೆಯ ಮುಖ ಚಕ್ಕೆಚಕ್ಕೆಯಾಗಿ ಉದುರುತ್ತದೆ. ನಮ್ಮ ಮುಂಗೋಡೆಯ ಸಿಮೆಂಟನ್ನೆಲ್ಲ ತೆಗೆದದ್ದು ಇದಕ್ಕೇ.

ತೆಗೆಯಲು ಸಣ್ಣ ಉಳಿ, ಸುತ್ತಿಗೆ ಸಾಕು. ಗ್ರೈಂಡರ್ ಬೇಡವೇ ಬೇಡ: ನಿಂತ ಸಂದುಗಳು ಗಿಡ್ಡವಾದ್ದರಿಂದ ಅದರ ಚಕ್ರ ಮೇಲಿನ, ಕೆಳಗಿನ ಇಟ್ಟಿಗೆಗಳನ್ನು ಸೀಳುತ್ತದೆ, ಆ ಗಾಯ ಮತ್ತೆ ಮುಚ್ಚುವುದಿಲ್ಲ. 10 ಮಿ.ಮೀ. ಅಗಲದ ಸಂದನ್ನು 20ರಿಂದ 25 ಮಿ.ಮೀ. ಆಳ ಕೊರೆದೆ. ಇದಕ್ಕಿಂತ ತೆಳುವಾಗಿ ತುಂಬಿದ ಗಾರೆ ಕಳಚಿ ಬೀಳುತ್ತದೆ.

ಬಣ್ಣಕ್ಕೆ ಹೆಚ್ಚು ಸಮಯ ಕೊಡಬೇಕು. ಇಡೀ ಬೀದಿ ಒಂದೇ ಗೋಡೆಯಂತೆ ಕಾಣುವುದೇ ಈ ಮನೆಗಳ ಚೆಲುವು. ಒಂದು ಮನೆಯ ಸಂದು ಬೆಳ್ಳಗೆ ಮಿಂಚಿದರೆ ಸಾಲೇ ಕೆಡುತ್ತದೆ. ಕಿಟಕಿಯ ಹಲಗೆಯಡಿ ಯಾರೂ ಮುಟ್ಟದ ಹಳೆಯ ಗಾರೆ ಸಿಕ್ಕಿತು. ಪುಡಿಮಾಡಿ ನೋಡಿ, ಅದರ ಮರಳಿಗೆ ಹೊಂದುವ ಒರಟು ಮರಳನ್ನು ಆರಿಸಿದೆ. ಮಾದರಿ ತುಂಡುಗಳನ್ನು ಪೂರ್ತಿ ಒಣಗಿಸಿಯೇ ಹೋಲಿಸಬೇಕು, ಹಸಿಯಲ್ಲಿ ಬಣ್ಣ ಗಾಢವಾಗಿ ಕಾಣುತ್ತದೆ.

ಎನ್‌ಎಚ್‌ಎಲ್ 3.5 ಸುಣ್ಣ (ನೀರು ಸೇರಿದರೆ ಗಟ್ಟಿಯಾಗುವ ನೈಸರ್ಗಿಕ ಸುಣ್ಣ, ಅಂಕಿ ಹೆಚ್ಚಿದಷ್ಟೂ ಗಟ್ಟಿ) ಒಂದು ಪಾಲು, ಮರಳು ಮೂರು ಪಾಲು, ಮುದ್ದೆ ಕಟ್ಟುವಷ್ಟೇ ನೀರು. ತೀರ ಮೆದುವಾದ ಇಟ್ಟಿಗೆಗೆ ಎನ್‌ಎಚ್‌ಎಲ್ 2 ಮೇಲು. ಗಾರೆ ಎಂದೂ ಇಟ್ಟಿಗೆಗಿಂತ ಗಟ್ಟಿಯಾಗಬಾರದು. ಸುಣ್ಣ ಚರ್ಮ ಸುಡುವುದರಿಂದ ಕೈಗವಸು, ಕನ್ನಡಕ ಕಡ್ಡಾಯ.

ಸಂದನ್ನು ಬ್ರಷ್‌ನಿಂದ ಗುಡಿಸಿ ಚೆನ್ನಾಗಿ ನೆನೆಸಿದೆ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಬಿಟ್ಟರೆ ಅದು ಗಟ್ಟಿಯಾಗದೆ ಪುಡಿಯಾಗಿಯೇ ಉಳಿಯುತ್ತದೆ. ಸಂದಿನಗಲದ ಕಿರು ಕರಣೆಯಿಂದ ಹಿಂದಿನವರೆಗೂ ಒತ್ತಿ ತುಂಬಬೇಕು. ಹೆಬ್ಬೆರಳು ಒತ್ತಿದರೆ ಗುರುತು ಬೀಳದಷ್ಟು ಬಿಗಿದಾಗ ಗಡುಸು ಬ್ರಷ್ಷಿನಿಂದ ಕುಟ್ಟಿದೆ, ಉಜ್ಜಲಿಲ್ಲ. ಆಗ ಮರಳಿನ ಕಾಳು ತೋರುತ್ತದೆ, ಇಟ್ಟಿಗೆಯ ಅಂಚೂ ಎದ್ದು ನಿಲ್ಲುತ್ತದೆ. ನಂತರ ಒಂದು ವಾರ ಒದ್ದೆ ಗೋಣಿತಾಟಿನ ಮರೆ. 5 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಈ ಕೆಲಸ ಹಿಡಿಯಬಾರದು.

ಸಂದಿನ ಮೇಲೆ ಸಪೂರ ಬಿಳಿ ಗೆರೆ ಎದ್ದಿದ್ದರೆ ಅದು ಟಕ್ ಪಾಯಿಂಟಿಂಗ್. ಅದನ್ನು ಮಾತ್ರ ಬಲ್ಲ ಕುಶಲಿಗರಿಗೇ ಬಿಡಿ. ಪಕ್ಕದ ಮನೆಯ ಗಡಿಯಲ್ಲಿ ನೇರ ಗೆರೆ ಹುಡುಕಿದರೆ ಸಿಗದು, ಇಟ್ಟಿಗೆಗಳು ಗಡಿ ದಾಟಿ ಹೆಣೆದುಕೊಂಡಿರುತ್ತವೆ. ಮಳೆನೀರಿನ ಕೊಳವೆಯ ಹಿಂದೆ, ಹೀಗೆ ಹೆಣೆದ ಇಟ್ಟಿಗೆಯ ಹಲ್ಲುಗಳನ್ನೇ ಅನುಸರಿಸಿ ಹೊಸ ಗಾರೆಯನ್ನು ನಿಲ್ಲಿಸಿದರೆ ಹೊಸದು ಹಳೆಯದರಲ್ಲಿ ಬೆರೆಯುತ್ತದೆ.